ಶಾಂಘೈ ಬಿಟ್ಟು ಅಮೆರಿಕದಲ್ಲಿ ಕೂತು ಶಾಂಘೈ ಪತ್ತೇದಾರಿ ಬರೆಯುವ ಚಿಯು ಶಿಯಾವ್‌ಲಾಂಗ್: ಯಾರಾದರೂ ಓದಿದ್ದೀರಾ?

ತುಂಗೆದಂಡೆ

ಹೋದ ತಿಂಗಳು ಬೆಂಗಳೂರಿಗೆ ಹೋಗಿದ್ದಾಗ ಅವೆನ್ಯೂ ರೋಡಿನಲ್ಲಿ 80 ರೂಪಾಯಿಗೆ ಒಂದು ಹಳೇ ಪತ್ತೇದಾರಿ ಕಾದಂಬರಿ ಸಿಕ್ಕಿತು. ಹೆಸರು ‘ಡೆತ್ ಆಫ್ ಎ ರೆಡ್ ಹೀರೋಯಿನ್’. ರಾತ್ರಿ ಬಸ್ಸಿನಲ್ಲಿ ಟೈಂಪಾಸ್ ಆಗಲಿ ಅಂತ ತಗೊಂಡೆ. ಶಿವಮೊಗ್ಗ ಬಂದರೂ ಮುಗಿದಿರಲಿಲ್ಲ. ಮಾರನೇ ದಿನ ಒಲೆ ಮೇಲೆ ಹಾಲು ಉಕ್ಕಿ ಹೋಯಿತು, ಆಗಲೂ ಪುಸ್ತಕ ಕೈಯಲ್ಲೇ ಇತ್ತು.

ಕತೆ ನಡೆಯುವುದು 1990ರ ಶಾಂಘೈನಲ್ಲಿ. ಊರಾಚೆ ಕಾಲುವೆಯಲ್ಲಿ ಒಬ್ಬಳ ಹೆಣ ಸಿಗುತ್ತದೆ. ದೊಡ್ಡ ಸರ್ಕಾರಿ ಅಂಗಡಿಯಲ್ಲಿ ಸ್ನೋ, ಪೌಡರ್ ಮಾರುವ ಕೌಂಟರಿನಲ್ಲಿ ನಿಲ್ಲುತ್ತಿದ್ದವಳು. ಜೊತೆಗೆ ‘ರಾಷ್ಟ್ರೀಯ ಮಾದರಿ ಕಾರ್ಮಿಕಳು’ ಅಂತ ಸರ್ಕಾರದಿಂದ ಬಿರುದು ಪಡೆದವಳು. ಅಂಥವಳನ್ನು ಕೊಂದವರು ಯಾರು ಅಂತ ಹುಡುಕುವ ಅಧಿಕಾರಿ ಚೆನ್ ತ್ಸಾವ್. ಇವನೊಬ್ಬ ಕವಿ! ಬಿಡುವಿದ್ದಾಗ ಇಂಗ್ಲಿಷ್ ಪತ್ತೇದಾರಿ ಕಾದಂಬರಿಗಳನ್ನು ಚೀನೀ ಭಾಷೆಗೆ ತರುತ್ತಾನೆ.

ಕೊಲೆಗಿಂತ ಜಾಸ್ತಿ ನನ್ನನ್ನು ಹಿಡಿದು ಕೂರಿಸಿದ್ದು ಮನೆ ವಿಷಯ. ಚೆನ್‌ಗೆ ಆಗಷ್ಟೇ ಒಂದು ಕೋಣೆಯ ಫ್ಲಾಟ್ ಅಲಾಟ್ ಆಗಿದೆ. ಆ ಖುಷಿಗೆ ಸ್ನೇಹಿತರನ್ನು ಊಟಕ್ಕೆ ಕರೆದಿದ್ದಾನೆ. ಅವನ ಕೈಕೆಳಗಿನ ಯೂ ಇನ್ನೂ ಅಪ್ಪನ ಮನೆಯಲ್ಲೇ ಇದ್ದಾನೆ. ಮನೆ ಅಂದರೆ ಏನು, ಗೋಡೆಯ ಆ ಕಡೆ ಅಪ್ಪ, ಈ ಕಡೆ ಒಂದೇ ಕೋಣೆಯಲ್ಲಿ ಯೂ, ಹೆಂಡತಿ, ಮಗ. ಮದುವೆಯಾಗದವನಿಗೆ ಫ್ಲಾಟ್ ಸಿಕ್ಕಿತು, ಸಂಸಾರಸ್ಥನಿಗೆ ಸಿಗಲಿಲ್ಲ. ಇಬ್ಬರೂ ಒಟ್ಟಿಗೆ ಕೇಸು ಮಾಡಬೇಕು. ನಮ್ಮಪ್ಪ ಕ್ವಾರ್ಟರ್ಸ್‌ಗಾಗಿ ಸೀನಿಯಾರಿಟಿ ಲಿಸ್ಟ್ ನೋಡಿಕೊಂಡು ವರ್ಷಗಟ್ಟಲೆ ಕಾದವರು. ಲಿಸ್ಟ್ ಬಂದ ದಿನ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಆ ಮೌನ ಈ ಪುಸ್ತಕದಲ್ಲಿದೆ.

ಬರೆದವರು ಚಿಯು ಶಿಯಾವ್‌ಲಾಂಗ್. ಹುಟ್ಟಿದ್ದು 1953ರಲ್ಲಿ ಶಾಂಘೈನಲ್ಲಿ. 1988ರಿಂದ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿದ್ದಾರೆ. ಈ ಪುಸ್ತಕ ಬಂದದ್ದು 2000ದಲ್ಲಿ, ನೇರ ಇಂಗ್ಲಿಷಿನಲ್ಲೇ ಬರೆದದ್ದು. ಅಂದರೆ ಊರು ಬಿಟ್ಟ ಮನುಷ್ಯ, ತಾಯಿನುಡಿಯಲ್ಲದ ಭಾಷೆಯಲ್ಲಿ, ಬಿಟ್ಟು ಬಂದ ಊರಿನ ಕತೆ ಹೇಳುತ್ತಿದ್ದಾರೆ. ಇದನ್ನು ಎಷ್ಟು ನಂಬಬಹುದು? ಓದಿದವರು ಹೇಳಿ.

ನಿವೃತ್ತಮೇಷ್ಟ್ರು

ತುಂಗಮ್ಮ, ಒಳ್ಳೆ ಮನುಷ್ಯನ ವಿಷಯ ತೆಗೆದಿರಿ. ಇವರ ನಾಲ್ಕೈದು ಪುಸ್ತಕ ಓದಿದ್ದೇನೆ. ಆದರೆ ಪುಸ್ತಕಗಳಿಗಿಂತ ಇವರು ಇಂಗ್ಲಿಷ್ ಕಲಿತ ಕತೆಯೇ ನನಗೆ ಇಷ್ಟ.

ಅಪ್ಪನದು ಸುಗಂಧದ್ರವ್ಯ ತಯಾರಿಸುವ ಸಣ್ಣ ಕಾರ್ಖಾನೆ ಇತ್ತು. ಸಣ್ಣದಾದರೇನು, ಮಾವೋ ಕಾಲದಲ್ಲಿ ‘ಬಂಡವಾಳಶಾಹಿ’ ಅಂತ ಹಣೆಪಟ್ಟಿ ಬಿತ್ತು. 1966ರಲ್ಲಿ ಸಾಂಸ್ಕೃತಿಕ ಕ್ರಾಂತಿ (ಹಳೇದು, ಬಂಡವಾಳಶಾಹಿ ಅನ್ನಿಸಿದ್ದನ್ನೆಲ್ಲ ಕಿತ್ತುಹಾಕಲು ಮಾವೋ ಹೂಡಿದ ಚಳವಳಿ) ಶುರುವಾದಾಗ ಅಪ್ಪ ಕಣ್ಣಿನ ಆಪರೇಷನ್‌ಗೆ ಆಸ್ಪತ್ರೆಯಲ್ಲಿದ್ದರು. ಅಲ್ಲಿಯೂ ಬಿಡಲಿಲ್ಲ, ತಪ್ಪೊಪ್ಪಿಗೆ ಬರೆದುಕೊಡು ಅಂದರು. ಕಣ್ಣಿಗೆ ಬ್ಯಾಂಡೇಜ್ ಕಟ್ಟಿಸಿಕೊಂಡವರು ಬರೆಯುವುದು ಹೇಗೆ? ಹದಿಮೂರರ ಆಸುಪಾಸಿನ ಮಗ ಬರೆದುಕೊಟ್ಟ. ನಾನು ಪಾಪಿ, ನಾನು ಬಡವರ ರಕ್ತ ಹೀರಿದೆ, ಹೀಗೆಲ್ಲ ಬರೆಯಬೇಕಿದ್ದ ಕಾಗದ ಅದು. ತನಗೆ ಬರೆಯುವುದಕ್ಕೆ ಬರುತ್ತದೆ ಅನ್ನೋ ಧೈರ್ಯ ಹುಟ್ಟಿದ್ದು ಅಲ್ಲೇ ಅಂತ ಚಿಯು ಆಮೇಲೆ ಹೇಳಿಕೊಂಡಿದ್ದಾರೆ. ಮೂವತ್ತೈದು ವರ್ಷ ಕನ್ನಡ ಪಾಠ ಮಾಡಿದವನು ನಾನು. ಪ್ರಬಂಧ ಬರೆಯೋದನ್ನು ಹೀಗೆ ಕಲಿತ ಹುಡುಗನನ್ನು ನೋಡಿಲ್ಲ.

ಆ ಕಾಲದಲ್ಲಿ ಓದಿದ ಹುಡುಗರನ್ನೆಲ್ಲ ಹಳ್ಳಿಗೆ ಗೇಯಲು ಕಳಿಸುತ್ತಿದ್ದರು. ಇವರಿಗೆ ಶ್ವಾಸನಾಳದ ಕಾಯಿಲೆ ಇತ್ತು, ಹಾಗಾಗಿ ಊರಲ್ಲೇ ಉಳಿದರು. ಸ್ಕೂಲಿಲ್ಲ, ಕೆಲಸವೂ ಇಲ್ಲ. ಆರೋಗ್ಯಕ್ಕೆ ಒಳ್ಳೇದು ಅಂತ ನದಿ ದಂಡೆಯ ಬಂಡ್ ಪಾರ್ಕಿಗೆ ತಾಯ್ ಚಿ ಅನ್ನೋ ನಿಧಾನದ ಚೀನೀ ಕಸರತ್ತು ಕಲಿಯಲು ಹೋದರು. ತಾಯ್ ಚಿ ಕೈಗೆ ಹತ್ತಲಿಲ್ಲ. ಪಕ್ಕದ ಬೆಂಚಿನ ಮೇಲೆ ಯಾರೋ ಇಂಗ್ಲಿಷ್ ಓದುತ್ತಿದ್ದರು, ಇವರೂ ಪುಸ್ತಕ ಹಿಡಿದು ಕೂತರು. ಅಷ್ಟೇ, ಅದೇ ಮುಂದಿನ ಬದುಕಾಯಿತು.

ನಿಂತು ಹೋಗಿದ್ದ ಕಾಲೇಜು ಪ್ರವೇಶ ಪರೀಕ್ಷೆ 1977ರಲ್ಲಿ ಮತ್ತೆ ಶುರುವಾಯಿತು. ಆ ಸಲ ಬರೆದವರು ಸುಮಾರು 57 ಲಕ್ಷ, ಸೀಟು ಸಿಕ್ಕಿದ್ದು 3 ಲಕ್ಷಕ್ಕೂ ಕಡಿಮೆ ಜನಕ್ಕೆ. ಹೀಗೆ ಬಾಗಿಲು ತೆರೆದದ್ದರಿಂದಲೇ ಪಾರ್ಕಿನ ಬೆಂಚಿನಲ್ಲಿ ಕಲಿತವರು ಕಾಲೇಜು ಮೆಟ್ಟಿಲು ಹತ್ತಿದರು. ಆಮೇಲೆ ಬೀಜಿಂಗ್‌ನಲ್ಲಿ ಬಿಯಾನ್ ಝಿಲಿನ್ ಅನ್ನೋ ದೊಡ್ಡ ಕವಿಯ ಹತ್ತಿರ ಓದಿದರು. ಟಿ. ಎಸ್. ಎಲಿಯಟ್ ಕವಿತೆಗಳನ್ನು ಚೀನೀ ಭಾಷೆಗೆ ತಂದರು. ಪತ್ತೇದಾರಿ ಬರೆಯುವ ಯೋಚನೆಯೇ ಆಗ ಇರಲಿಲ್ಲ.

ಡಿಕಾಕ್ಷನ್

ಎಲ್ಲರೂ ಹೊಗಳುವ ಮೊದಲು ನನ್ನದೊಂದು ತಕರಾರು ಇರಲಿ.

ಎರಡು ಪುಸ್ತಕ ಓದಿದೆ, ಮೂರನೆಯದು ಅರ್ಧಕ್ಕೆ ಬಿಟ್ಟೆ. ಪಾತ್ರಗಳು ಮಾತಾಡುವಾಗ ಸರ್ಕಾರಿ ಸುತ್ತೋಲೆ ಓದಿದ ಹಾಗಿರುತ್ತೆ. ಹೆಣದ ಮುಂದೆ ನಿಂತವನು ಚೀನಾದ ಟ್ಯಾಂಗ್ ರಾಜರ ಕಾಲದ ಹಳೇ ಪದ್ಯ ನೆನಪು ಮಾಡಿಕೊಳ್ಳುತ್ತಾನೆ. ಪಾಪ ಆ ಹೆಣ ಎಷ್ಟು ಹೊತ್ತು ಕಾಯಬೇಕು? ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಅಷ್ಟು ಹೊತ್ತಿಗೆ ಎರಡು ಕೇಸು ಮುಗಿಸಿ ಮನೆಗೆ ಹೋಗಿರುತ್ತಿದ್ದ.

ಇನ್ನೊಂದು ವಿಷಯ. ಒಬ್ಬ ಚೀನೀಯ ಇನ್ನೊಬ್ಬ ಚೀನೀಯನಿಗೆ ‘ಪಕ್ಷದ ಪದ್ಧತಿ ಹೀಗೆ, ಮನೆ ಹಂಚಿಕೆ ಹೀಗೆ’ ಅಂತ ವಿವರಿಸುತ್ತಾನೆ. ಅವನಿಗೆ ಗೊತ್ತಿಲ್ವಾ? ಈ ವಿವರಣೆ ಅಮೆರಿಕದ ಓದುಗನಿಗೆ. ನಾವು ಕನ್ನಡದಲ್ಲಿ ಒಬ್ಬರಿಗೊಬ್ಬರು ‘ಇಡ್ಲಿ ಅಂದರೆ ಅಕ್ಕಿ ಉದ್ದು ರುಬ್ಬಿ ಹಬೆಯಲ್ಲಿ ಬೇಯಿಸಿದ ತಿಂಡಿ’ ಅಂತ ಹೇಳಿಕೊಂಡರೆ ಹೇಗಿರುತ್ತೆ? 1989ರಲ್ಲಿ ಬೀಜಿಂಗ್‌ನ ತಿಯಾನನ್‌ಮೆನ್ ಚೌಕದಲ್ಲಿ ವಿದ್ಯಾರ್ಥಿಗಳ ಗಲಾಟೆ ಆದ ಮೇಲೆ ಓಡಿಬಂದು, ಹೊರಗೆ ಕೂತು ಹೊರಗಿನವರಿಗಾಗಿ ಬರೆದದ್ದು. ಅಷ್ಟು ಮಟ್ಟಿಗೇ ನಂಬಬೇಕು.

ಮಿಸ್ಸೂರಿಮಂಜ

ನಾನು ಸೇಂಟ್ ಲೂಯಿಸ್‌ನಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ, ಮೂಲ ಚಿಕ್ಕಮಗಳೂರು. ಡಿಕಾಕ್ಷನ್ ಅವರೇ, ಒಂದು ತಿದ್ದುಪಡಿ. ಅವರು ಓಡಿಬಂದವರಲ್ಲ.

1988ರಲ್ಲಿ ಅವರು ಬಂದದ್ದು ಫೋರ್ಡ್ ಫೌಂಡೇಶನ್ ಫೆಲೋಶಿಪ್ ಮೇಲೆ. ಎಲಿಯಟ್ ಬಗ್ಗೆ ಕೆಲಸ ಮಾಡಿ ವಾಪಸ್ ಹೋಗುವ ಲೆಕ್ಕ. ಇದೇ ಊರು ಯಾಕೆ ಅಂದರೆ ಎಲಿಯಟ್ ಹುಟ್ಟಿದ್ದು ಇಲ್ಲೇ, 1888ರಲ್ಲಿ. ಇವರು ಬಂದ ವರ್ಷಕ್ಕೆ ಸರಿಯಾಗಿ ನೂರು. ಇವರು ಸೇರಿದ ವಾಷಿಂಗ್ಟನ್ ಯೂನಿವರ್ಸಿಟಿಯನ್ನು ಕಟ್ಟಿದವರಲ್ಲಿ ಎಲಿಯಟ್‌ನ ತಾತನೇ ಒಬ್ಬರು. (ವಾಷಿಂಗ್ಟನ್ ಅಂತ ಹೆಸರಿದ್ದರೂ ಅದು ಇರೋದು ಮಿಸ್ಸೂರಿಯಲ್ಲಿ. ನನ್ನ ಚಿಕ್ಕಪ್ಪ ಇವತ್ತಿಗೂ ‘ಬಿಳಿಮನೆ ನೋಡಿದ್ಯೇನೋ’ ಅಂತ ಕೇಳುತ್ತಾರೆ.) ಇಲ್ಲಿ ಯೂಕ್ಲಿಡ್ ಮತ್ತು ಮೆಕ್‌ಫರ್ಸನ್ ರಸ್ತೆ ಕೂಡುವ ಮೂಲೆಯಲ್ಲಿ ಎಲಿಯಟ್‌ನ ಅರ್ಧಪ್ರತಿಮೆ ಇದೆ, ಪಕ್ಕದಲ್ಲೇ ಪುಸ್ತಕದ ಅಂಗಡಿ. ಚಳಿಗಾಲದಲ್ಲಿ ಆ ತಲೆಯ ಮೇಲೆ ಹಿಮ ಕೂತು ಉಣ್ಣೆ ಟೋಪಿ ಹಾಕಿದ ಹಾಗೆ ಕಾಣುತ್ತೆ.

1989ರ ಜೂನ್‌ನಲ್ಲಿ ಬೀಜಿಂಗ್‌ನಲ್ಲಿ ಗುಂಡು ಹಾರಿದಾಗ ಚಿಯು ಇಲ್ಲಿದ್ದರು. ವಿದ್ಯಾರ್ಥಿಗಳಿಗೆ ಹಣ ಕೂಡಿಸಲು ಇಲ್ಲಿನ ಒಂದು ಮೇಳದಲ್ಲಿ ಎಗ್ ರೋಲ್ ಮಾರುವ ಗುಂಪಿನಲ್ಲಿ ಸೇರಿಕೊಂಡರು. ಅದು ವಾಯ್ಸ್ ಆಫ್ ಅಮೆರಿಕ ರೇಡಿಯೋದಲ್ಲಿ ಹೆಸರು ಸಮೇತ ಬಂತು. ಆ ರೇಡಿಯೋವನ್ನು ಆಗ ಚೀನಾದಲ್ಲಿ ಯಾರು ಕೇಳುತ್ತಿದ್ದರು? ಜನ ಕದ್ದು ಕೇಳುತ್ತಿದ್ದರು, ಪೊಲೀಸರು ಡ್ಯೂಟಿ ಮೇಲೆ ಕೇಳುತ್ತಿದ್ದರು. ಊರಲ್ಲಿ ಮನೆಯವರ ಬಾಗಿಲಿಗೆ ಪೊಲೀಸರು ಬಂದರು. ಅಚ್ಚಿಗೆ ಹೋಗಬೇಕಿದ್ದ ಪುಸ್ತಕ ನಿಂತಿತು. ವಾಪಸ್ ಹೋಗುವ ಲೆಕ್ಕ ಅಲ್ಲಿಗೇ ಮುಗಿಯಿತು. ಎಂ.ಎ. ಮಾಡಿ, 1995ರಲ್ಲಿ ತುಲನಾತ್ಮಕ ಸಾಹಿತ್ಯದಲ್ಲಿ ಪಿಎಚ್.ಡಿ. ಮುಗಿಸಿದರು.

ಚೀನೀ ಭಾಷೆಯಲ್ಲಿ ಬರೆದರೆ ಅಚ್ಚು ಹಾಕುವವರಿಲ್ಲ. ಇಂಗ್ಲಿಷ್ ಹಿಡಿದದ್ದು ಶೋಕಿಗಲ್ಲ ಸ್ವಾಮೀ.

ಡಿಕಾಕ್ಷನ್

ಎಗ್ ರೋಲ್ ವಿಷಯ ಗೊತ್ತಿರಲಿಲ್ಲ. ‘ಓಡಿಬಂದು’ ಅಂದದ್ದು ವಾಪಸ್. ಆದರೆ ಸುತ್ತೋಲೆ ಭಾಷೆಯ ತಕರಾರು ಹಾಗೇ ಇರಲಿ.

ಪ್ಯಾಕಿಂಗ್‌ಸೆಕ್ಷನ್

ನಾನು ಸಾಹಿತ್ಯದವನಲ್ಲ. ಪ್ಯಾಕಿಂಗ್ ಮೆಷಿನ್ ಇನ್‌ಸ್ಟಾಲ್ ಮಾಡುವ ಕೆಲಸದ ಮೇಲೆ 2011ರಲ್ಲಿ ಏಳು ತಿಂಗಳು ಶಾಂಘೈನಲ್ಲಿದ್ದೆ. ಚಿಯು ಪುಸ್ತಕವನ್ನು ಅಲ್ಲಿಂದ ಬಂದ ಮೇಲೆ ಓದಿದೆ. ಮೊದಲೇ ಓದಿದ್ದರೆ ಚೆನ್ನಾಗಿತ್ತು.

ಅವರು ಬರೆಯೋದೆಲ್ಲ ಶಿಕುಮೆನ್ ಅನ್ನೋ ಮನೆಗಳ ಬಗ್ಗೆ. ರಸ್ತೆಯಿಂದ ಒಳಗೆ ಓಣಿ, ಓಣಿಯ ಎರಡೂ ಕಡೆ ಇಟ್ಟಿಗೆಯ ಸಾಲು ಮನೆ, ಬಾಗಿಲಿಗೆ ಕಲ್ಲಿನ ಚೌಕಟ್ಟು. ಒಂದು ಸಂಸಾರಕ್ಕೆ ಅಂತ ಕಟ್ಟಿದ ಮನೆಯಲ್ಲಿ ಆಮೇಲೆ ಹತ್ತು ಸಂಸಾರ ತುಂಬಿದವು. ಮೆಟ್ಟಿಲ ತಿರುವಿನಲ್ಲಿ, ಅಡುಗೆಮನೆಯ ಮೇಲೆ, ಗೂಡಿನಂಥ ಒಂದು ಕೋಣೆ ಇರುತ್ತೆ. ಅದಕ್ಕೆ ತಿಂಗ್‌ಝಿಜಿಯಾನ್ ಅಂತಾರೆ. ಅದರಲ್ಲೂ ಜನ ಬಾಡಿಗೆಗೆ ಇರುತ್ತಿದ್ದರು. ಕೆಳಗೆ ಎಲ್ಲರಿಗೂ ಒಂದೇ ಅಡುಗೆಮನೆ, ಅದರಲ್ಲಿ ಮನೆಗೊಂದು ಕಲ್ಲಿದ್ದಲಿನ ಒಲೆ. ಯಾರ ಮನೆಗೆ ಮೀನು ಬಂತು ಅಂತ ವಾಸನೆಯಲ್ಲೇ ಗೊತ್ತು. ಇಂಥ ಕಡೆ ಗುಟ್ಟು ಇಟ್ಟುಕೊಳ್ಳಲು ಆಗುತ್ತಾ? ಪೊಲೀಸಿನವನಿಗೆ ಅರ್ಧ ಕೆಲಸ ಅಡುಗೆಮನೆಯಲ್ಲೇ ಮುಗಿಯುತ್ತೆ.

ನಾನಿದ್ದ ಹೊತ್ತಿಗೆ ಅಂಥ ಓಣಿಗಳು ಜಾಸ್ತಿ ಉಳಿದಿರಲಿಲ್ಲ. ಒಂದು ಭಾನುವಾರ ಸಹೋದ್ಯೋಗಿಯೊಬ್ಬ ಶಿಂಟಿಯಾನ್‌ಡಿ ಅನ್ನೋ ಜಾಗಕ್ಕೆ ಕರೆದುಕೊಂಡು ಹೋದ. ಹಳೇ ಶಿಕುಮೆನ್ ಗೋಡೆ ಇಟ್ಟುಕೊಂಡು ಒಳಗೆಲ್ಲ ಬಾರು, ಕೆಫೆ, ಬ್ರಾಂಡೆಡ್ ಅಂಗಡಿ ಮಾಡಿದ್ದಾರೆ. ಕಮ್ಯುನಿಸ್ಟ್ ಪಕ್ಷದ ಮೊದಲ ಮಹಾಸಭೆ 1921ರಲ್ಲಿ ನಡೆದ ಮನೆ ಅದಕ್ಕೆ ಅಂಟಿಕೊಂಡೇ ಇದೆ. ಆ ಹುಡುಗ ಒಂದು ಬಾಗಿಲು ತೋರಿಸಿ, ತನ್ನ ಅಜ್ಜಿ ಇಂಥದ್ದೇ ಮನೆಯಲ್ಲಿ ಕಮೋಡಿನ ಬದಲು ಮರದ ಬಕೆಟ್ ಇಟ್ಟುಕೊಂಡಿದ್ದರು, ಬೆಳಿಗ್ಗೆ ಹೊತ್ತು ಖಾಲಿ ಮಾಡಬೇಕಿತ್ತು ಅಂದ. ನಾವು ನಿಂತಿದ್ದ ಜಾಗದಲ್ಲಿ ಒಂದು ಕಾಫಿಯ ರೇಟು ನನ್ನ ಎರಡು ದಿನದ ಊಟದ ಖರ್ಚು.

ಡಿಕಾಕ್ಷನ್ ಸರ್, ವಿವರಣೆ ಜಾಸ್ತಿ ಆಯಿತು ಅಂದಿರಿ. ಆ ಹುಡುಗನಿಗೇ ಬಕೆಟ್ ವಿಷಯ ಅಜ್ಜಿ ಹೇಳಿ ಗೊತ್ತು, ನೋಡಿ ಗೊತ್ತಿಲ್ಲ. ಈಗ ಅಲ್ಲಿನವರಿಗೂ ಆ ವಿವರಣೆ ಬೇಕು ಅನ್ಸುತ್ತೆ.

ತುಂಗೆದಂಡೆ

ಪ್ಯಾಕಿಂಗ್ ಅಣ್ಣ, ಸಾಹಿತ್ಯದವನಲ್ಲ ಅಂದುಕೊಂಡು ಎಲ್ಲರಿಗಿಂತ ಚೆನ್ನಾಗಿ ಬರೆದಿರಿ.

ಒಂದು ಪ್ರಶ್ನೆ. ಚೀನಾದಲ್ಲಿ ಈ ಪುಸ್ತಕಗಳು ಸಿಗುತ್ತವಾ?

ನಿವೃತ್ತಮೇಷ್ಟ್ರು

ಮೊದಲ ಕೆಲವು ಪುಸ್ತಕ ಚೀನೀ ಭಾಷೆಯಲ್ಲಿ ಬಂದಿವೆ. ಆದರೆ ಅವುಗಳಲ್ಲಿ ಶಾಂಘೈ ಅಂತ ಊರೇ ಇಲ್ಲ! ‘ಎಚ್ ನಗರ’ ಅಂತ ಮಾಡಿದರು. ಬೀದಿಗಳ ಹೆಸರನ್ನೂ ಬದಲಾಯಿಸಿದರು. ಶಾಂಘೈನಂಥ ಊರಿನಲ್ಲಿ ಇಂಥ ಕೊಲೆ, ಇಂಥ ಅಧಿಕಾರಿ ಇರೋದಕ್ಕೆ ಸಾಧ್ಯವಿಲ್ಲ ಅನ್ನೋದು ವಾದ. ತಮಾಷೆ ಏನೆಂದರೆ ಶಾಂಘೈಗೆ ಚೀನೀಯರು ಇಟ್ಟ ಚಿಕ್ಕ ಹೆಸರು ‘ಹು’. ಅಲ್ಲಿನ ಕಾರುಗಳ ನಂಬರ್ ಪ್ಲೇಟಿನ ಮೇಲೂ ಅದೇ ಅಕ್ಷರ. ಎಚ್ ಅಂದ ಕೂಡಲೇ ಯಾರಿಗೆ ತಾನೇ ಗೊತ್ತಾಗಲ್ಲ? ಸೆರಗು ಮುಚ್ಚಿಕೊಂಡು ಬಸುರಿ ಅಲ್ಲ ಅಂದ ಹಾಗೆ.

ಊರು ಬಿಟ್ಟ ಮನುಷ್ಯ ನೆನಪಿನಿಂದ ಒಂದೊಂದೇ ಬೀದಿ ಸರಿಯಾಗಿ ಕೂರಿಸಿ ಬರೆದ. ಆ ಪುಸ್ತಕ ಊರಿಗೆ ಹೋದಾಗ ಬೀದಿಗಳೇ ಮಾಯ. ನನಗೆ ಇದು ಅವರ ಎಲ್ಲ ಕತೆಗಳಿಗಿಂತ ದೊಡ್ಡ ಪತ್ತೇದಾರಿ.

ಡಿಕಾಕ್ಷನ್

ಇದು ಅನ್ಯಾಯ, ಒಪ್ಪಿದೆ.

ಆದರೂ ಒಂದು ವಿಷಯ ಕೆದಕುತ್ತೇನೆ. ನೆನಪಿನಿಂದ, ಊರಿನ ಮೇಲಿನ ಪ್ರೀತಿಯಿಂದ ಬರೆದರೆ ಮಾತ್ರ ನಿಜ ಬರುತ್ತೆ ಅನ್ನೋ ಹಾಗಿದ್ದರೆ ಎಚ್. ಆರ್. ಎಫ್. ಕೀಟಿಂಗ್ ಕತೆ ಏನು? ಇಂಗ್ಲೆಂಡಿನವರು. 1964ರಲ್ಲಿ ಬಾಂಬೆ ಪೊಲೀಸ್ ಇನ್‌ಸ್ಪೆಕ್ಟರ್ ಘೋಟೆ ಅನ್ನೋ ಪಾತ್ರ ಹುಟ್ಟಿಸಿ ಪ್ರಶಸ್ತಿ ತಗೊಂಡರು. ಬಾಂಬೆಗೆ ಕಾಲಿಟ್ಟದ್ದು ಹತ್ತು ವರ್ಷ ಆದ ಮೇಲೆ! ಅಷ್ಟರಲ್ಲಿ ಪುಸ್ತಕದ ಮೇಲೆ ಪುಸ್ತಕ ಬಂದಿತ್ತು. ಮ್ಯಾಪು, ಪೇಪರು, ಪುಸ್ತಕ ನೋಡಿಕೊಂಡು ಬರೆದದ್ದು. ನನಗೆ ಘೋಟೆ ಇಷ್ಟ. ಹೆಂಡತಿಗೂ ಹೆದರುತ್ತಾನೆ, ಮೇಲಧಿಕಾರಿಗೂ ಹೆದರುತ್ತಾನೆ, ಕೇಸು ಮಾತ್ರ ಬಿಡಲ್ಲ. ಹಾಗಾದರೆ ಅಲ್ಲಿ ಹುಟ್ಟಿ ಬೆಳೆದ ಚಿಯುಗೆ ಜಾಸ್ತಿ ಏನು ಸಿಕ್ಕಿತು?

ಮಿಸ್ಸೂರಿಮಂಜ

ಜಗಳ ಸಿಕ್ಕಿತು. ಬೆಲೆ ಸಿಕ್ಕಿತು. 1990ರಲ್ಲಿ ಯಾವ ತಿಂಡಿಗೆ ಎಷ್ಟು ಕೊಟ್ಟರು, ಆ ದುಡ್ಡು ಕೊಡುವಾಗ ಕೈ ಎಷ್ಟು ತಡೆಯಿತು ಅನ್ನೋದು ಮ್ಯಾಪಿನಲ್ಲಿ ಇರಲ್ಲ.

ಯೂನ ಹೆಂಡತಿ ಪೇಚಿನ್ ನೋಡಿ. ಒಂದು ಹೋಟೆಲಿನಲ್ಲಿ ಲೆಕ್ಕ ಬರೆಯುವ ಕೆಲಸ ಅವಳದ್ದು. ಗಂಡ ಹೆಂಡತಿ ಇಬ್ಬರನ್ನೂ ಹದಿಹರೆಯದಲ್ಲಿ ಯುನ್ನಾನ್‌ಗೆ ಹೊಲದ ಕೆಲಸಕ್ಕೆ ಕಳಿಸಿದ್ದರು, ಶಾಂಘೈನಿಂದ ಸಾವಿರಾರು ಕಿಲೋಮೀಟರ್ ದೂರ. ಓದುವ ವಯಸ್ಸು ಅಲ್ಲೇ ಕಳೆಯಿತು. ಈಗ ಹಳೇ ಕಾದಂಬರಿಯೊಂದನ್ನು ಮತ್ತೆ ಮತ್ತೆ ಓದುತ್ತಾಳೆ, ಗಂಡನ ಕೇಸಿಗೆ ತಲೆ ಹಾಕುತ್ತಾಳೆ, ಎಷ್ಟೋ ಸಲ ಅವನಿಗಿಂತ ಮುಂಚೆ ಸುಳಿವು ಹಿಡಿಯುತ್ತಾಳೆ. ಚಿಯುಗೆ ಶ್ವಾಸದ ಕಾಯಿಲೆ ಇರದಿದ್ದರೆ ಅವರೂ ಹಾಗೇ ಹೋಗುತ್ತಿದ್ದರಲ್ವಾ. ತಪ್ಪಿಸಿಕೊಂಡ ಬದುಕನ್ನು ಯೂ, ಪೇಚಿನ್ ಕೈಲಿ ಕೊಟ್ಟಿದ್ದಾರೆ ಅಂತ ನನಗೆ ಅನ್ನಿಸುತ್ತೆ. ಇನ್ನು ಕವಿ, ಎಲಿಯಟ್ ಭಕ್ತ, ಪಕ್ಷದವರಿಗೂ ಬೇಕಾದ ಚೆನ್ ಇದ್ದಾನಲ್ಲ, ಅವನು ಚಿಯು ಶಾಂಘೈನಲ್ಲೇ ಉಳಿದಿದ್ದರೆ ಏನಾಗುತ್ತಿದ್ದರೋ ಅದು.

ನಿವೃತ್ತಮೇಷ್ಟ್ರು

ಮಂಜು, ಚೆನ್ನಾಗಿ ಹಿಡಿದೆಯಪ್ಪ. ಚೆನ್‌ಗೆ ಪೊಲೀಸ್ ಆಗುವ ಆಸೆಯೇ ಇರಲಿಲ್ಲ ಅನ್ನೋದನ್ನೂ ಸೇರಿಸು. ಇಂಗ್ಲಿಷ್ ಸಾಹಿತ್ಯ ಓದಿದವನು, ವಿದೇಶಾಂಗ ಇಲಾಖೆಗೆ ಹೋಗಬೇಕಿತ್ತು. ಸಂಬಂಧಿಕನೊಬ್ಬನಿಗೆ ಹಿಂದೆ ಕ್ರಾಂತಿವಿರೋಧಿ ಅಂತ ಮರಣದಂಡನೆ ಆಗಿದ್ದದ್ದು ತಿಳಿದು ಪೊಲೀಸ್ ಇಲಾಖೆಗೆ ಹಾಕಿದರು. ಆಗ ಕಾಲೇಜು ಮುಗಿಸಿದವರಿಗೆ ಕೆಲಸ ಕೊಡುತ್ತಿದ್ದದ್ದು ಸರ್ಕಾರವೇ, ಅದು ಹೇಳಿದ ಕಡೆ ಹೋಗಬೇಕಿತ್ತು.

ಪತ್ತೇದಾರಿ ಯಾಕೆ ಅನ್ನೋದಕ್ಕೂ ಉತ್ತರ ಇಲ್ಲೇ ಇದೆ. ಚಿಯುಗೆ ಮೊದಲು ಇದ್ದದ್ದು ಬದಲಾಗುತ್ತಿರುವ ಚೀನಾದ ಬಗ್ಗೆ ಬರೆಯುವ ಆಸೆ. ಕವಿಯಾದವರಿಗೆ ದೊಡ್ಡ ಕಾದಂಬರಿ ಕಟ್ಟುವುದು ಸುಲಭವಲ್ಲ. ಪೊಲೀಸಿನವನಾದರೆ ಯಾವ ಬಾಗಿಲನ್ನಾದರೂ ತಟ್ಟಬಹುದು. ದೊಡ್ಡ ಅಧಿಕಾರಿಯ ಬಂಗಲೆಗೂ ಹೋಗುತ್ತಾನೆ, ಓಣಿಯ ಅಡುಗೆಮನೆಗೂ ಬರುತ್ತಾನೆ. ಹೆಣದ ಹಿಂದೆ ಹೋದರೆ ಊರು ತಾನಾಗಿಯೇ ಕಾಣುತ್ತೆ. ಮೊದಲ ಪುಸ್ತಕಕ್ಕೇ 2001ರಲ್ಲಿ ಪತ್ತೇದಾರಿ ಪುಸ್ತಕಗಳಿಗೆ ಕೊಡುವ ಆಂಥೋನಿ ಪ್ರಶಸ್ತಿ ಬಂತು. ಆಮೇಲೆ ಚೆನ್ ಬಿಡಲಿಲ್ಲ. ಪುಸ್ತಕದಿಂದ ಪುಸ್ತಕಕ್ಕೆ ಅವನಿಗೂ ವಯಸ್ಸಾಗುತ್ತೆ, ಕೇಸುಗಳೂ ಬದಲಾಗುತ್ತವೆ. ಒಂದರಲ್ಲಿ ಕೆರೆ ಹಾಳು ಮಾಡಿದ ಕಾರ್ಖಾನೆ, ಇನ್ನೊಂದರಲ್ಲಿ ಇಂಟರ್ನೆಟ್ಟಿನಲ್ಲಿ ಸಿಕ್ಕಿಬಿದ್ದ ಭ್ರಷ್ಟ ಅಧಿಕಾರಿ, ಮತ್ತೊಂದರಲ್ಲಿ ಕೋವಿಡ್.

ಡಿಕಾಕ್ಷನ್‌ಗೆ ಒಂದು ಮಾತು. ಹೆಣದ ಮುಂದೆ ಪದ್ಯ ಹೇಳುವುದು ಚಿಯು ಕಂಡುಹಿಡಿದದ್ದಲ್ಲ. ಹಳೇ ಚೀನೀ ಕಾದಂಬರಿಗಳಲ್ಲಿ ಅಧ್ಯಾಯದ ಮೊದಲೋ ಕೊನೆಯೋ ಪದ್ಯ ಇದ್ದೇ ಇರುತ್ತೆ. ನಮ್ಮ ಯಕ್ಷಗಾನದಲ್ಲಿ ಬಾಣ ಬಿಡುವ ಮೊದಲು ಭಾಗವತರು ಪದ ಹಾಡಲ್ವೇ? ಆಗ ಯಾರೂ ‘ಬೇಗ ಬಾಣ ಬಿಡಯ್ಯಾ’ ಅನ್ನಲ್ಲ.

ಡಿಕಾಕ್ಷನ್

ಮೇಷ್ಟ್ರೇ, ನಾನು ಅಂದಿದ್ದೇನೆ. ಬೆಳಗಿನ ಜಾವ ಮೂರು ಗಂಟೆಗೆ.

ಬುಕ್‌ಮಾರ್ಕ್

ಹೊಸಬಳು, ಸುಮ್ನೆ ಓದುತ್ತಿದ್ದೆ. ಶಿಯಾವ್‌ಲಾಂಗ್ ಅಂದರೆ ಆ ಸೂಪು ತುಂಬಿದ ಮೋಮೋ ಅಲ್ವಾ? ಬೆಂಗಳೂರಿನ ಮಾಲ್‌ನಲ್ಲಿ ತಿಂದು ನಾಲಿಗೆ ಸುಟ್ಟುಕೊಂಡಿದ್ದೆ.

ಪ್ಯಾಕಿಂಗ್‌ಸೆಕ್ಷನ್

ಹ್ಹ ಹ್ಹ. ಅದು ಶಿಯಾವ್‌ಲಾಂಗ್ ಬಾವ್. ಕೇಳಲು ಒಂದೇ ಥರ, ಅಕ್ಷರ ಬೇರೆ. ತಿಂಡಿಯ ಹೆಸರಿನಲ್ಲಿ ಲಾಂಗ್ ಅಂದರೆ ಹಬೆಯ ಬುಟ್ಟಿ, ಇವರ ಹೆಸರಿನಲ್ಲಿ ಡ್ರ್ಯಾಗನ್. ‘ಪುಟ್ಟ ಡ್ರ್ಯಾಗನ್’ ಅಂತ ಚೀನೀಯರು ಹಾವಿಗೂ ಹೇಳುತ್ತಾರೆ, 1953 ಹಾವಿನ ವರ್ಷ. ಮೊದಲು ತುದಿ ಕಚ್ಚಿ ಸೂಪು ಹೀರಿಕೊಳ್ಳಬೇಕು ಕಣಮ್ಮಾ, ಒಂದೇ ತುತ್ತಿಗೆ ಬಾಯಿಗೆ ಹಾಕಬಾರದು.

ಊಟದ ವಿಷಯದಲ್ಲಿ ಚಿಯು ಪುಸ್ತಕ ಕಷ್ಟ. ಶರತ್ಕಾಲದ ನದಿ ಏಡಿ, ಶುಂಠಿ ಹಾಕಿದ ವಿನಿಗರ್, ಬಿಸಿ ಮಾಡಿದ ಅಕ್ಕಿಯ ವೈನ್, ಪುಟಗಟ್ಟಲೆ ಇದೇ. ಹಸಿದುಕೊಂಡು ಓದಬೇಡಿ.

ಮಿಸ್ಸೂರಿಮಂಜ

ಅದರಲ್ಲೇ ಅವರು ಹೊರಗಿರುವವರು ಅಂತ ನನಗೆ ಗೊತ್ತಾಗೋದು. ಊರಲ್ಲೇ ಇರುವವರು ಊಟದ ಬಗ್ಗೆ ಅಷ್ಟು ಬರೆಯಲ್ಲ, ತಿಂದು ಎದ್ದು ಹೋಗುತ್ತಾರೆ.

ಕಳೆದ ಚಳಿಗಾಲದಲ್ಲಿ ಎರಡು ದಿನ ಹಿಮ ಬಿದ್ದು ಮನೆಯಲ್ಲೇ ಕೂತಿದ್ದೆ. ಚಿಯುದೇ ‘ಇಯರ್ಸ್ ಆಫ್ ರೆಡ್ ಡಸ್ಟ್’ ಓದುತ್ತಿದ್ದೆ. ಅದು ಪತ್ತೇದಾರಿ ಅಲ್ಲ, ಒಂದೇ ಓಣಿಯ ಸಣ್ಣಕತೆಗಳು. 1949ರಿಂದ ಶುರುವಾಗಿ ಒಂದೊಂದು ಕತೆ ಒಂದೊಂದು ವರ್ಷದ್ದು. ಪ್ರತಿ ಕತೆಯ ತಲೆಯ ಮೇಲೆ ಓಣಿಯ ಬೋರ್ಡಿನಲ್ಲಿ ಚಾಕ್‌ಪೀಸಿನಲ್ಲಿ ಬರೆದ ಆ ವರ್ಷದ ಸುದ್ದಿ. ಬೋರ್ಡಿನಲ್ಲಿ ದೇಶ ಗೆದ್ದ ಸುದ್ದಿ ಇರುತ್ತೆ, ಕೆಳಗೆ ಕತೆಯಲ್ಲಿ ಯಾರದೋ ಮದುವೆ ಮುರಿದಿರುತ್ತೆ. ಓದಿ ನನಗೂ ಹುಕಿ ಬಂತು. ಒಂದು ಹಾಳೆ ತಗೊಂಡು ನಮ್ಮ ಬೀದಿಯನ್ನು ಬಸ್‌ಸ್ಟ್ಯಾಂಡ್ ಕಡೆಯಿಂದ ಬರೆಯಲು ಕೂತೆ. ಸೈಕಲ್ ಶಾಪು, ಹಿಟ್ಟಿನ ಗಿರಣಿ, ಸೊಸೈಟಿ, ಹೊಲಿಗೆಯವರು. ಗಿರಣಿ ಆದ ಮೇಲೆ ಏನು? ಎಷ್ಟು ಯೋಚಿಸಿದರೂ ಬರಲಿಲ್ಲ. ಅಮ್ಮನಿಗೆ ಫೋನ್ ಮಾಡಿದೆ. ‘ಗಿರಣಿ ಎಲ್ಲೈತೋ, ಮುಚ್ಚಿ ಆರು ವರ್ಷ ಆತು’ ಅಂದರು. ಗಿರಣಿ ಪಕ್ಕದ್ದು ಅವರಿಗೂ ನೆನಪಿಲ್ಲ. ಅವರು ದಿನಾ ಅದೇ ರಸ್ತೆಯಲ್ಲಿ ಓಡಾಡುತ್ತಾರೆ.

ಚಿಯು ಮಾತ್ರ ಹೋಗಿ ಬಂದು ಮಾಡುತ್ತಿದ್ದರು. ಪುಸ್ತಕ ಬರೆಯಲು ಶುರು ಮಾಡುವ ಹೊತ್ತಿಗೆ ಶಾಂಘೈಗೆ ಮತ್ತೆ ಹೋಗುವ ದಾರಿ ತೆರೆದಿತ್ತು. ಹೋದಾಗಲೆಲ್ಲ ಒಂದಲ್ಲ ಒಂದು ಓಣಿ ಇರುತ್ತಿರಲಿಲ್ಲ.

ತುಂಗೆದಂಡೆ

ಮಂಜಣ್ಣ, ಚಿಕ್ಕಮಗಳೂರಿನಲ್ಲಿ ಯಾವ ಬೀದಿ? ನಮ್ಮ ಚಿಕ್ಕಮ್ಮ ಅಲ್ಲೇ ಇದ್ದಾರೆ, ಕೇಳಿ ನೋಡುತ್ತೇನೆ. ಅವರಿಗೆ ಅಂಗಡಿ ಮಾತ್ರ ಅಲ್ಲ, ಅಂಗಡಿಯವರು ಯಾರ್‍ಯಾರಿಗೆ ಸಾಲ ಕೊಡಬೇಕಿತ್ತು ಅನ್ನೋದೂ ನೆನಪಿರುತ್ತೆ.

ಬುಕ್‌ಮಾರ್ಕ್

ನಾನು ಎಲ್ಲಿಂದ ಶುರು ಮಾಡಲಿ?

ಡಿಕಾಕ್ಷನ್

ಮೊದಲ ಪುಸ್ತಕದಿಂದಲೇ. ಪದ್ಯ ಬಂದ ಕಡೆ ಹಾರಿಸಿಕೊಂಡು ಓದಿ, ಮೇಷ್ಟ್ರಿಗೆ ಹೇಳಬೇಡಿ. ಅರ್ಧಕ್ಕೆ ಬಿಟ್ಟ ಮೂರನೆಯದು ಎಲ್ಲೋ ಅಟ್ಟದ ಮೇಲಿದೆ, ನಾನೂ ಇಳಿಸುತ್ತೇನೆ. 140ನೇ ಪುಟದಲ್ಲಿ ಬಸ್ ಟಿಕೆಟ್ ಸಿಕ್ಕಿಸಿಟ್ಟಿದ್ದೆ.